ತಂತಿ ಇಲ್ಲ, ತಕರಾರು ಉಂಟು

ವೈರ್‌ಲೆಸ್ ಪ್ರೊಜೆಕ್ಟರ್ ಪೆಟ್ಟಿಗೆ ಬಿಚ್ಚಿದರೆ ಮೊದಲು ಕೈಗೆ ಸಿಗುವುದು ಒಂದು ವೈರು. ಅದು ಕರೆಂಟಿನದು, ಲೆಕ್ಕಕ್ಕಿಲ್ಲ. ಅದು ಗೋಡೆಯ ಪ್ಲಗ್ಗಿಗೆ ಎಟುಕುವುದಿಲ್ಲವಾದ್ದರಿಂದ ಒಂದು ಎಕ್ಸ್‌ಟೆನ್ಷನ್ ಬಾಕ್ಸ್. ಅದೂ ಲೆಕ್ಕಕ್ಕಿಲ್ಲ. ಒಳಗಿನ ಸ್ಪೀಕರ್ ಸೊಳ್ಳೆಯ ಹಾಗೆ ಗುಂಯ್‌ಗುಡುವುದರಿಂದ ಹೊರಗೊಂದು ಸ್ಪೀಕರ್, ಅದಕ್ಕೊಂದು ವೈರು. ಮಿಕ್ಕಿದ್ದೆಲ್ಲ ವೈರ್‌ಲೆಸ್.

ಡಬ್ಬದ ಮೇಲಿನ ಸಾಹಿತ್ಯವಂತೂ ಪ್ರಶಸ್ತಿಗೆ ಅರ್ಹ. '9000 ಲ್ಯೂಮೆನ್ಸ್' ಎಂದಿರುತ್ತದೆ. ಬೆಳಕು ಅಳೆಯಲು ಆನ್ಸಿ ಎಂಬ ಮರ್ಯಾದಸ್ಥ ಪದ್ಧತಿಯಿದೆ: ಪರದೆಯ ಒಂಬತ್ತು ಕಡೆ ಅಳೆದು ಸರಾಸರಿ ತೆಗೆಯುತ್ತಾರೆ. ಡಬ್ಬದವರು ಎಲ್ಲಿ ಅಳೆದರೆಂದು ಕೇಳಬೇಡಿ. '4ಕೆ ಸಪೋರ್ಟ್' ಅಂದರೆ 4ಕೆ ವಿಡಿಯೊ ಕೊಟ್ಟರೆ ಬೇಡ ಅನ್ನುವುದಿಲ್ಲ, ಅಷ್ಟೆ. ಅಗ್ಗದ ಎಷ್ಟೋ ಮಾಡೆಲ್‌ಗಳಲ್ಲಿ ಗೋಡೆಗೆ ಬೀಳುವುದು 720ಪಿ. ಮಧ್ಯಾಹ್ನದ ಹೊತ್ತು ನೋಡಬೇಕೆಂದರೆ ಕಿಟಕಿಗಳಿಗೆಲ್ಲ ಜಮಖಾನ ಕಟ್ಟಬೇಕು. ನಮ್ಮ ಟೂರಿಂಗ್ ಟಾಕೀಸಿನವರೂ ಕತ್ತಲಾದ ಮೇಲೆಯೇ ಆಟ ಶುರು ಮಾಡುತ್ತಿದ್ದರು. ಆದರೆ ಟೆಂಟಿನ ಮೇಲೆ ಲ್ಯೂಮೆನ್ಸ್ ಬರೆಸಿರಲಿಲ್ಲ.

ಇನ್ನು ಗಾಳಿಯಲ್ಲಿ ಚಿತ್ರ ಹಾರಿಸುವ ವಿದ್ಯೆ. ಅಡುಗೆಮನೆಯ ಮೈಕ್ರೋವೇವ್ ಒಲೆ, ಹಳೆಯ ವೈಫೈ, ಬ್ಲೂಟೂತ್, ಮೂರೂ ಒಂದೇ 2.4 ಗಿಗಾಹರ್ಟ್ಸ್ ಓಣಿಯ ನಿವಾಸಿಗಳು. ಒಳಗೆ ಸಾರು ಬಿಸಿಯಾಗುವಾಗ ಹೊರಗೆ ನಾಯಕ ಒಂದು ಕಾಲೆತ್ತಿ ನಿಂತುಬಿಡುತ್ತಾನೆ. ಶಬ್ದ ಬ್ಲೂಟೂತಿನಲ್ಲಿ ಬಂದರೆ ಖಳನಾಯಕ ಪೆಟ್ಟು ತಿಂದು, ಬಿದ್ದು, ಮಣ್ಣು ಕೊಡವಿಕೊಂಡ ಮೇಲೆ 'ಢಿಶುಂ'.

ಇದನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ಅಪ್ಪಣೆ. ತಿಂಗಳು ತಿಂಗಳು ದುಡ್ಡು ಕಟ್ಟಿದ ಸಿನಿಮಾ ಆ್ಯಪನ್ನು ಫೋನಿನಿಂದ ಗೋಡೆಗೆ ಕನ್ನಡಿ ಹಿಡಿಯಲು ಹೋದರೆ ಮಾತು ಕೇಳಿಸುತ್ತದೆ, ಪರದೆ ಕಪ್ಪು. ಕೆಟ್ಟಿಲ್ಲ, ನೀವು ಕದಿಯಬಹುದೆಂಬ ಗುಮಾನಿಯಿಂದ ಚಿತ್ರವನ್ನು ತಡೆಹಿಡಿಯಲಾಗಿದೆ. ದುಡ್ಡು ಕೊಟ್ಟವರಿಗೆ ರೇಡಿಯೊ ನಾಟಕ. ನಿಜವಾಗಿಯೂ ಕದ್ದು ಇಳಿಸಿಕೊಂಡ ಪಕ್ಕದ ಮನೆಯ ಹುಡುಗ ಪೆನ್‌ಡ್ರೈವ್ ಚುಚ್ಚಿ ಪೂರ್ತಿ ಪಿಚ್ಚರ್ ನೋಡಿ ಮಲಗಿರುತ್ತಾನೆ. ಪ್ರಾಮಾಣಿಕರಿಗೆ ಇನ್ನೂ ಒಂದು ಬಹುಮಾನವುಂಟು: 2025ರ ಜೂನ್‌ನಿಂದ ಪ್ರೈಮ್ ವಿಡಿಯೊ ಭಾರತದಲ್ಲಿ ಚಂದಾದಾರರಿಗೂ ಜಾಹೀರಾತು ತೋರಿಸತೊಡಗಿತು. ಬೇಡವೆಂದವರಿಗೆ ಆಗ ವರ್ಷಕ್ಕೆ ಇನ್ನೂ 699 ರೂಪಾಯಿ ಕೇಳಿತು. ಮೊದಲು ನೋಡಲು ದುಡ್ಡು, ಈಗ ನೋಡದಿರಲೂ ದುಡ್ಡು.

ಅದೇ ವರ್ಷದ ಮಾರ್ಚಿನಲ್ಲಿ ಫೋನಿನ ಚಿತ್ರವನ್ನು ಪರದೆಗೆ ದಾಟಿಸುವ ಗೂಗಲ್‌ನ ಎರಡನೇ ತಲೆಮಾರಿನ ಕ್ರೋಮ್‌ಕಾಸ್ಟ್‌ಗಳು ಜಗತ್ತಿನಾದ್ಯಂತ ಇದ್ದಕ್ಕಿದ್ದಂತೆ ಮುಷ್ಕರ ಹೂಡಿದವು. ಸುಟ್ಟಿರಲಿಲ್ಲ, ಒಡೆದಿರಲಿಲ್ಲ. ಒಳಗಿದ್ದ ಹತ್ತು ವರ್ಷದ ಡಿಜಿಟಲ್ ಸರ್ಟಿಫಿಕೇಟಿನ ವಾಯಿದೆ ಮುಗಿದಿತ್ತು. ನವೀಕರಿಸಬೇಕಿದ್ದುದು ಕಂಪನಿ, ಪರದೆಯ ಮೇಲೆ 'ನಂಬಲರ್ಹವಲ್ಲ' ಅನ್ನಿಸಿಕೊಂಡಿದ್ದು ನಮ್ಮ ಮನೆಯ ಸಾಧನ. ಕೆಲವು ದಿನಗಳಲ್ಲಿ ಸರಿಪಡಿಸಿದರು, ನಿಜ. ತಾಲ್ಲೂಕು ಕಚೇರಿಯಲ್ಲಾದರೆ ಗುಮಾಸ್ತರನ್ನಾದರೂ ಬೈಯಬಹುದಿತ್ತು. ಇಲ್ಲಿ ಗೋಡೆಯನ್ನು ಬೈಯಬೇಕು.

ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯವರಿಗೆ ಈ ಪುರಾಣವೆಲ್ಲ ಬಾಯಿಪಾಠ. ವೈರ್‌ಲೆಸ್ ಪ್ರೊಜೆಕ್ಟರನ್ನು ಕವರಿಗೆ ಹಾಕುತ್ತಲೇ ಕೇಳುತ್ತಾರೆ: "ಸಾರ್, ಎಚ್‌ಡಿಎಂಐ ಕೇಬಲ್ಲು ಐದು ಮೀಟರ್ ಸಾಕಾ, ಹತ್ತು ಕೊಡ್ಲಾ?"