ಟೈಪಾಚಾರ್

ಚೆನ್ನೈನ ಓಎಂಆರ್ ರಸ್ತೆಯಲ್ಲಿ, ಟೈಡಲ್ ಪಾರ್ಕಿನಿಂದ ಹಿಡಿದು ಸಿರುಸೇರಿಯ ಸಿಪ್ಕಾಟ್‌ವರೆಗೆ, ಯಾವ ಗಾಜಿನ ಕಟ್ಟಡ ಹೊಕ್ಕರೂ ಒಬ್ಬ ಟೈಪಾಚಾರ್ ಸಿಗುತ್ತಾರೆ. ಊರು ಉಡುಪಿ ಕಡೆ, ಮನೆ ಮಡಿಪಾಕ್ಕಂನಲ್ಲಿ, ವಯಸ್ಸು ಐವತ್ತರ ಆಚೀಚೆ. ಇಷ್ಟು ಹೊತ್ತಿಗೆ ಮ್ಯಾನೇಜರ್ ಆಗಿರಬೇಕಿತ್ತು, ಆಗಿಲ್ಲ. ಪ್ರೋಗ್ರಾಮು ಕೈಕೊಟ್ಟಾಗ ಎಲ್ಲರೂ ಅವರ ಬಳಿ ಓಡುತ್ತಾರೆ. ಕೈಕೊಡದಿದ್ದಾಗ ಎಲ್ಲರೂ ಅವರಿಂದ ದೂರ ಓಡುತ್ತಾರೆ. ಯಾರು ಯಾವ ತೊಂದರೆ ತಂದರೂ ಅವರ ಬಾಯಿಂದ ಹೊರಡುವ ಮೊದಲ ಮಾತು ಒಂದೇ: "ಟೈಪ್ ಎಂಥದ್ದು ಮಾರಾಯ?"

ಮೊನ್ನೆ ದಾವಣಗೆರೆಯಿಂದ ಬಂದ ಹೊಸ ಹುಡುಗ ಸಿಕ್ಕಿಬಿದ್ದ. "ಸರ್, ಹತ್ತಕ್ಕೆ ಇಪ್ಪತ್ತು ಕೂಡಿಸಿದ್ರೆ 1020 ಬರಾಕತ್ತೈತಿ."

"ಟೈಪ್ ಎಂಥದ್ದು ಮಾರಾಯ?"

"ನಂಬರೇ ಸರ್. ಪ್ರಿಂಟ್ ಮಾಡಿ ನೋಡೀನಿ."

ಪ್ರಿಂಟ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಆಚಾರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅದು ಪ್ರವಚನದ ಮುನ್ಸೂಚನೆ. "ಪ್ರಿಂಟ್ ಅಂದ್ರೆ ಮದುವೆ ದಲ್ಲಾಳಿ ಇದ್ದ ಹಾಗೆ ಮಾರಾಯ. ಹುಡುಗ ಹೇಗೆ ಕಾಣ್ತಾನೆ ಅಂತ ಹೇಳ್ತದೆ, ಯಾರು ಅಂತ ಹೇಳುದಿಲ್ಲ. ರೆಪ್ರ್ ಹಾಕಿ ನೋಡು, ಅದು ಯಾರು ಅಂತ ಹೇಳ್ತದೆ." ಹುಡುಗ ಹಾಕಿದ. ಹತ್ತರ ಎರಡು ಬದಿಗೂ ಉದ್ಧರಣ ಚಿಹ್ನೆ ಕಾಣಿಸಿಕೊಂಡಿತು. ಫಾರಮ್ಮಿನ ಚೌಕದಲ್ಲಿ ಯಾರೋ ತುಂಬಿದ ಹತ್ತು ಅದು; ಅಲ್ಲಿಂದ ಬಂದದ್ದೆಲ್ಲ ಬರೀ ಅಕ್ಷರ. ಅಕ್ಷರಕ್ಕೆ ಅಕ್ಷರ ಕೂಡಿಸಿದರೆ ಪಕ್ಕಪಕ್ಕದಲ್ಲಿ ನಿಲ್ಲುತ್ತವೆ, ಮೊತ್ತವಾಗುವುದಿಲ್ಲ. ತಿದ್ದುವುದಕ್ಕೆ ಅರ್ಧ ನಿಮಿಷ ಸಾಕಾಯಿತು. ಪ್ರವಚನ ಮಾತ್ರ ಆಫೀಸ್ ಕ್ಯಾಬು ಹೊರಡುವವರೆಗೂ ನಡೆಯಿತು.

ಪ್ರವಚನದ ನಡುಮಧ್ಯದಲ್ಲಿ ಅವರು ಬೋರ್ಡಿನ ಮೇಲೆ 65, 66, 67, 68 ಎಂದು ಬರೆಯುವುದು ವಾಡಿಕೆ. ಮೆಮೊರಿಯ ನಾಲ್ಕು ಬೈಟು. ಅಕ್ಷರವೆಂದು ಓದಿದರೆ ಎ, ಬಿ, ಸಿ, ಡಿ. ನಮ್ಮ ಮಾಮೂಲಿ ಕಂಪ್ಯೂಟರಿನಲ್ಲಿ ಅವನ್ನೇ ಪೂರ್ಣಾಂಕವೆಂದು ಓದಿದರೆ 114,52,58,561. ದಶಮಾಂಶವೆಂದು ಓದಿದರೆ ಸುಮಾರು 781. ಬೈಟುಗಳು ಕೂತಲ್ಲಿಂದ ಅಲುಗಿಲ್ಲ, ನೋಡುವ ಕಣ್ಣು ಬದಲಾಗಿದೆ ಅಷ್ಟೆ. ಇದು ನಿಜಕ್ಕೂ ಸೊಗಸಾದ ವಿಷಯ. ಸಂಜೆ ಏಳಕ್ಕೆ, ಹಸಿದ ಹೊಟ್ಟೆಯಲ್ಲಿ ಕೇಳುವಂಥದ್ದಲ್ಲ.

ಆಚಾರ್ ಮಾಧ್ವರು. ಪಂಚಭೇದ ಕೇಳುತ್ತಲೇ ಬೆಳೆದವರು. ಜೀವ ಬೇರೆ, ಜಡ ಬೇರೆ, ಜಡಜಡಕ್ಕೂ ಭೇದವುಂಟು ಎಂದು ಒಪ್ಪಿದವರಿಗೆ ಸ್ಟ್ರಿಂಗೂ ನಂಬರೂ ಒಂದೇ ಎಂದರೆ ಹೇಗೆ ಸಹಿಸೀತು? ಜಾವಾಸ್ಕ್ರಿಪ್ಟ್ ಕಂಡರೆ ಅವರಿಗಾಗದು. 1995ರಲ್ಲಿ ಬ್ರೆಂಡನ್ ಐಕ್ ಎಂಬಾತ ಹತ್ತೇ ದಿನದಲ್ಲಿ ಅದರ ಮೊದಲ ರೂಪ ಕಟ್ಟಿದ ಎಂದು ಕೇಳಿದಾಗ "ಗೊತ್ತಾಗ್ತದೆ" ಎಂದಷ್ಟೇ ಅಂದರು. ಆ ಭಾಷೆಯಲ್ಲಿ ನಲ್‌ನ, ಅಂದರೆ ಏನೂ ಇಲ್ಲದ್ದರ, ಟೈಪ್ ಕೇಳಿದರೆ 'ಆಬ್ಜೆಕ್ಟ್' ಎಂಬ ಉತ್ತರ ಬರುತ್ತದೆ. 'ಸಂಖ್ಯೆಯಲ್ಲ' ಎಂಬ ಬೆಲೆಯ ಟೈಪ್ ಕೇಳಿದರೆ 'ಸಂಖ್ಯೆ' ಎನ್ನುತ್ತದೆ; ಸಾಲದ್ದಕ್ಕೆ ಅದು ತನಗೆ ತಾನೇ ಸಮನಲ್ಲ. "ಇಲ್ಲದ್ದೂ ಒಂದು ವಸ್ತುವಂತೆ! ಶುದ್ಧ ಮಾಯಾವಾದ!" ಎಂದು ಆಚಾರ್ ಕೂಗಿದ್ದು ಕ್ಯಾಂಟೀನಿನವರೆಗೂ ಕೇಳಿತ್ತು.

ಶ್ರೀಹರಿಕೋಟೆಯಿಂದ ರಾಕೆಟ್ ಹಾರುವ ದಿನ ಆಫೀಸೇ ತಾರಸಿ ಹತ್ತುತ್ತದೆ. ಮೋಡವಿಲ್ಲದಿದ್ದರೆ ಚೆನ್ನೈಗೆ ಬೆಂಕಿಯ ಗೆರೆ ಚೆನ್ನಾಗಿ ಕಾಣುತ್ತದೆ. ಎಲ್ಲರೂ ಮೊಬೈಲು ಎತ್ತಿ ಹಿಡಿದರೆ ಆಚಾರ್ ಕೈಗಡಿಯಾರ ನೋಡುತ್ತ ಮನಸ್ಸಿನಲ್ಲೇ 37 ಸೆಕೆಂಡು ಎಣಿಸುತ್ತಾರೆ. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ದಾರಿ ತಪ್ಪಿದ್ದು ಅಷ್ಟು ಹೊತ್ತಿಗೆ: 64 ಬಿಟ್ಟಿನ ದಶಮಾಂಶವೊಂದನ್ನು 16 ಬಿಟ್ಟಿನ ಪೂರ್ಣಾಂಕದಲ್ಲಿ ತುರುಕಲು ಹೋಗಿ. ನಮ್ಮ ರಾಕೆಟ್ ಆ ಗಡಿ ದಾಟಿದ ಮೇಲೆಯೇ ಅವರ ಚಪ್ಪಾಳೆ. ಅಷ್ಟರಲ್ಲಿ ಉಳಿದವರ ಚಪ್ಪಾಳೆ ಮುಗಿದಿರುತ್ತದೆ.

ಗಿರಾಕಿಗಳ ಪಟ್ಟಿ ಬಂದ ದಿನವಂತೂ ಆಚಾರ್‌ಗೆ ಹಬ್ಬ. ತಮಿಳುನಾಡಿನಲ್ಲಿ ಬಹುಪಾಲು ಜನಕ್ಕೆ ಮನೆತನದ ಹೆಸರಿಲ್ಲ. ಅಪ್ಪನ ಹೆಸರಿನ ಮೊದಲಕ್ಷರ ಮುಂದೆ, ತನ್ನ ಹೆಸರು ಹಿಂದೆ. ಫಾರಮ್ಮು ಮಾತ್ರ ಸರ್‌ನೇಮ್ ತುಂಬದೆ ಮುಂದಕ್ಕೆ ಬಿಡುವುದಿಲ್ಲ. ಹಾಗಾಗಿ ಆ ಜಾಗದಲ್ಲಿ ಕೆಲವರು ಚುಕ್ಕಿ ಇಟ್ಟಿರುತ್ತಾರೆ, ಕೆಲವರು ತಮ್ಮ ಹೆಸರನ್ನೇ ಎರಡನೇ ಸಲ ಬರೆದಿರುತ್ತಾರೆ, ಒಬ್ಬರು 'ಇಲ್ಲೈ' ಎಂದು ಪ್ರಾಮಾಣಿಕವಾಗಿ ಬರೆದಿದ್ದರು. ಅವರಿಗೆ 'ಮಾನ್ಯ ಇಲ್ಲೈ ಅವರೇ' ಎಂದು ಪತ್ರ ಹೋಗಿತ್ತು. ಊರಿನ ಕೋಡು 044. ಯಾರೋ ಅದನ್ನು ಸಂಖ್ಯೆಯೆಂದು ಓದಿಸಿ ಸೊನ್ನೆ ನುಂಗಿದರು, ಇನ್ಯಾರೋ ಮುಂದೆ ಅಧಿಕ ಚಿಹ್ನೆ ಹಚ್ಚಿದರು; ಮೈಲಾಪುರದ ಅಜ್ಜಿಯ ಫೋನು ಇಂಗ್ಲೆಂಡಿಗೆ ಸೇರಿತು. ಜನ್ಮದಿನ ಖಾಲಿ ಬಿಟ್ಟವರೆಲ್ಲ 1970ರ ಜನವರಿ 1ರ ಬೆಳಿಗ್ಗೆ ಐದೂವರೆಗೆ ಹುಟ್ಟಿದ್ದರು. ಕಂಪ್ಯೂಟರಿನ ಕಾಲಗಣನೆ ಸೊನ್ನೆಯಿಂದ ಶುರುವಾಗುವುದು ಗ್ರೀನಿಚ್ಚಿನ ಆ ದಿನದ ನಡುರಾತ್ರಿಗೆ, ನಮಗೆ ಅದು ಐದೂವರೆ. ಪಕ್ಕದ ಸೀಟಿನ ತಮಿಳರು ಪಂಚಾಂಗ ತೆಗೆದು "ಮಾರ್ಗಳಿ ಮಾಸ, ಗುರುವಾರ, ಬ್ರಾಹ್ಮೀ ಮುಹೂರ್ತ, ಪ್ರಮಾದಮಾನ ಜಾದಗಂ ಸಾರ್" ಎಂದರು; ಅಮೋಘ ಜಾತಕ ಎಂದರ್ಥ. ಗುರುವಾರ ರಾಯರ ದಿನವಾದ್ದರಿಂದ ಆಚಾರ್ ಒಂದು ಗಳಿಗೆ ಮೆತ್ತಗಾದರು. ಒಂದೇ ಗಳಿಗೆ.

ಕನ್ನಡದ ಹೆಸರುಗಳೂ ಅವರನ್ನು ಬಿಡುವುದಿಲ್ಲ. 'ಲಕ್ಷ್ಮಿ'ಯಲ್ಲಿ ಎಷ್ಟು ಅಕ್ಷರ ಎಂದು ಹುಡುಗರನ್ನು ಕೇಳುತ್ತಾರೆ. ಶಾಲೆಯಲ್ಲಿ ಕಲಿತಂತೆ ಎರಡು. ಯುನಿಕೋಡ್ ಲೆಕ್ಕದಲ್ಲಿ ಒತ್ತು, ಗುಡಿಸು ಎಲ್ಲ ಬಿಡಿಬಿಡಿಯಾಗಿ ಏಳು. ಯುಟಿಎಫ್ 8ರ ಬೈಟುಗಳೆಂದು ಎಣಿಸಿದರೆ 21. "ಇಪ್ಪತ್ತರ ಚೌಕದಲ್ಲಿ ಲಕ್ಷ್ಮಿ ಹಿಡಿಸುದಿಲ್ಲ ಮಾರಾಯ, ಗುಡಿಸು ಹೊರಗೆ ಬೀಳ್ತದೆ."

ಈ ಆಚಾರ್ ಸೋತದ್ದು ಮಾವನವರ ಎದುರು. ಮಾವ ಪಂಚ್ ಕಾರ್ಡ್ ಕಾಲದವರು. ಐಐಟಿ ಮದ್ರಾಸಿಗೆ 1973ರಲ್ಲಿ ಬಂದ ಐಬಿಎಂ 370ರಲ್ಲಿ ಫೋರ್ಟ್ರಾನ್ ಓಡಿಸಿದವರು. ಆ ಭಾಷೆಯಲ್ಲಿ ಟೈಪ್ ಹೇಳಬೇಕೆಂದೇ ಇರಲಿಲ್ಲ: ಹೆಸರು ಐನಿಂದ ಎನ್‌ವರೆಗಿನ ಇಂಗ್ಲಿಷ್ ಅಕ್ಷರದಿಂದ ಶುರುವಾದರೆ ಪೂರ್ಣಾಂಕ, ಇಲ್ಲವಾದರೆ ದಶಮಾಂಶ. ಅಂದಮೇಲೆ ಕೃಷ್ಣ ಪೂರ್ಣ, ರಾಮ ಬರೀ ಅಂಶ ಎಂದರು ಮಾವ. ಆಚಾರ್ ಕೆಂಪಾದರು. ಭಗವಂತನ ರೂಪಗಳಲ್ಲಿ ಮಾತ್ರ ಭೇದ ಹೇಳಕೂಡದು, ಎಲ್ಲವೂ ಪೂರ್ಣವೇ. ಅದು ಅವರ ಸಿದ್ಧಾಂತ. "ಇರಲಿ ಬಿಡಿ, ಹೆಸರಿಗೆ ಆರೇ ಅಕ್ಷರ ಮಿತಿ, ಕೃಷ್ಣನಿಗೂ ಕೊನೆಯದ್ದು ಕತ್ತರಿಸಬೇಕಿತ್ತು" ಎಂದು ಮಾವ ಸಮಾಧಾನ ಹೇಳಿದರಂತೆ. ಅದರಿಂದ ಸಮಾಧಾನವೇನೂ ಆಗಲಿಲ್ಲ.

ಇನ್ನು ಆಟೋ. ಕಳೆದ ವಾರ ಫೋನಿನ ಆ್ಯಪ್ ಕೈಕೊಟ್ಟು, ಮೈಲಾಪುರದ ಕಲ್ಯಾಣಿಯ ಹತ್ತಿರ ರಸ್ತೆಯಲ್ಲೇ ಆಟೋ ನಿಲ್ಲಿಸಬೇಕಾಯಿತು. "ಎವ್ವಳವು?" ಎಂದು ದರ ಕೇಳಿದರು ಆಚಾರ್.

"ಪಾತ್ತು ಕುಡುಂಗ ಸಾರ್."

ನೋಡಿ ಕೊಡಿ. ಸಂಖ್ಯೆ ಕೇಳಿದರೆ ವಾಕ್ಯ ಬಂತು. ಏನು ನೋಡುವುದು ಎಂದು ಕೇಳಿದ್ದಕ್ಕೆ "ಎಪ್ಪವುಂ ಕುಡುಕ್ಕಿರದು ದಾನೇ ಸಾರ್" ಎಂದ ಡ್ರೈವರ್. ಯಾವಾಗಲೂ ಕೊಡುವುದನ್ನು. ಆಚಾರ್ ಆ ಮನುಷ್ಯನನ್ನು ಜನ್ಮದಲ್ಲಿ ಕಂಡಿರಲಿಲ್ಲ. ಮಡಿಪಾಕ್ಕಂ ಮುಟ್ಟಿದ ಮೇಲೆ ಎಲ್ಲ ಲೆಕ್ಕ ಹಾಕಿ 250 ರೂಪಾಯಿ ಕೊಟ್ಟರು. ಡ್ರೈವರ್ ನೋಟುಗಳನ್ನು ನೋಡಿದ, ಆಕಾಶ ನೋಡಿದ, "ಮೇಲೆ ಪೋಟ್ಟು ಕುಡುಂಗ ಸಾರ್" ಎಂದ. ಮೇಲೆ ಇನ್ನಷ್ಟು ಹಾಕಿ ಕೊಡಿ.

"ಮೇಲೆ ಎವ್ವಳವು?"

"ಪಾತ್ತು ಪೋಡುಂಗ ಸಾರ್."