ಕುಸುಮಾಲೆ ಪ್ರಕರಣದಲ್ಲಿ ಬಂದೂಕಿನ ಗೈರುಹಾಜರಿ: ಒಂದು ಗಹನ ವಿಚಾರ

ಕೌಬಾಯ್ ಕಥೆ ಹುಟ್ಟಿದ್ದು ಅಮೆರಿಕದಲ್ಲಿ ಎಂಬ ಭ್ರಮೆ ವಿದ್ವತ್ ಲೋಕದಲ್ಲಿ ಬೇರುಬಿಟ್ಟಿದೆ. ಅದು ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ್ದು ಎಂದು ಈ ಪ್ರಬಂಧ ಸಾಧಿಸುತ್ತದೆ. ಸಾಧಿಸಲಾಗದ ಕಡೆ ದನಿ ಏರಿಸುತ್ತದೆ.

ಗಡಿಸೀಮೆಯಿಲ್ಲದೆ ಈ ಬಗೆಯ ಕಥೆ ನಡೆಯದು. ನಮಗೆ ಅದಕ್ಕೇನು ಬರ? ಹನೂರನ್ನೂ ಒಳಗೊಂಡಿದ್ದ ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಪಕ್ಕದ ಯಳಂದೂರು ಮೈಸೂರು ಸೀಮೆಯಲ್ಲಿ, ದಿವಾನ್ ಪೂರ್ಣಯ್ಯನವರ ಜಹಗೀರಾಗಿತ್ತು. ಅದೇ 1956ರಲ್ಲಿ ಜಾನ್ ಫೋರ್ಡ್‌ನ ಕೌಬಾಯ್ ಚಿತ್ರ ‘ದಿ ಸರ್ಚರ್ಸ್’ ತೆರೆಕಂಡಿತು. ಕೊಮಾಂಚಿ ಬುಡಕಟ್ಟಿನವರು ಹೊತ್ತೊಯ್ದ ಹುಡುಗಿಗಾಗಿ ಅವಳ ಅಂಕಲ್ ಬಂದೂಕು ಹಿಡಿದು ವರ್ಷಗಟ್ಟಲೆ ಅಲೆಯುತ್ತಾನೆ. ಚಿಕ್ಕಪ್ಪನೋ ದೊಡ್ಡಪ್ಪನೋ, ಇಂಗ್ಲಿಷಿನಲ್ಲಿ ಬಗೆಹರಿಯುವುದಿಲ್ಲ. ಇಸವಿ ಕೂಡಿಬಂದದ್ದು ಕಾಕತಾಳೀಯ ಎನ್ನುವವರು ಸಂಶೋಧನೆಗೆ ಅನರ್ಹರು.

ಇನ್ನು ಅಪಹರಣ. ಬೆಟ್ಟದ ರಂಗಪ್ಪ ತುಳಸಿ, ತೀರ್ಥದ ದೇವರು. ಕುಸುಮಾಲೆ ಅದೇ ಕಾಡಿನ, ಜೇನು, ಗೆಡ್ಡೆ ಗೆಣಸಿನ ಸೋಲಿಗರ ಹುಡುಗಿ. ಒಲಿಸಿಕೊಂಡು ಹೋದ ಎನ್ನುವವರುಂಟು, ಹಾರಿಸಿಕೊಂಡೇ ಹೋದ ಎನ್ನುವವರುಂಟು. ಮನೆಯಲ್ಲಿ ಆಗಲೇ ಅಮ್ಮನವರಿದ್ದರು ಎಂಬ ಅಂಶವನ್ನು ಭಕ್ತಿಯ ಕಾರಣದಿಂದ ಇಲ್ಲಿ ಚರ್ಚಿಸಿಲ್ಲ.

ಹಾಗಾದರೆ ಗುಂಡಿನ ಕಾಳಗವೆಲ್ಲಿ? ಪೂರ್ವಪಕ್ಷದವರು ಕುಣಿದಾಡುವುದು ಇಲ್ಲೇ. ಸೋಲಿಗರಲ್ಲಿ ಮನಸ್ಸು ಕೂಡಿದ ಜೋಡಿ ಕಾಡಿಗೆ ಓಡಿಹೋಗುವುದು ಹಳೆಯ ವಾಡಿಕೆ. ಮರಳಿ ಬಂದ ಮೇಲೆ ಯಜಮಾನರು ಕೂತು ತಪ್ಪು ಕಟ್ಟಿಸುತ್ತಾರೆ, ತೆರ ಕೊಡಿಸುತ್ತಾರೆ, ಕುಲಕ್ಕೆಲ್ಲ ಊಟ ಹಾಕಿಸುತ್ತಾರೆ. ಮುಗಿಯಿತು. ಇದು ಹಾಲಿವುಡ್ಡಿಗೆ ತಿಳಿದಿದ್ದರೆ ಎಷ್ಟು ಮದ್ದುಗುಂಡು ಉಳಿಯುತ್ತಿತ್ತು! ಸೋಲಿಗರು ಇವತ್ತಿಗೂ ರಂಗಪ್ಪನನ್ನು ಕರೆಯುವುದು ‘ಭಾವ’ ಎಂದೇ. ಭಾವ ಎಂದ ಮೇಲೆ ಗೇಲಿಗೆ ಯಾರ ಅಪ್ಪಣೆ ಬೇಕು? ವೈಕುಂಠದಲ್ಲಿ ಎಷ್ಟೇ ದೊಡ್ಡವನಾದರೂ ಸೋಲಿಗರ ಹಾಡಿಯಾದ ಪೋಡಿನಲ್ಲಿ ಅವನು ಹೆಣ್ಣು ಕಟ್ಟಿಕೊಂಡವನು.

ಸಾಕ್ಷ್ಯ ಬೇಕೆನ್ನುವವರಿಗೆ ಚಪ್ಪಲಿ ಇದೆ. ಎರಡು ವರ್ಷಕ್ಕೊಮ್ಮೆ ಬೂದಿತಿಟ್ಟು ಊರಿನವರು 1 ಅಡಿ 9 ಇಂಚಿನ ತೊಗಲ ಚಪ್ಪಲಿ ಹೊಲಿದು ಸ್ವಾಮಿಗೆ ಒಪ್ಪಿಸುತ್ತಾರೆ. ಕಾಡು ಸುತ್ತಿ ಸುತ್ತಿ ಹಳೆಯದು ಸವೆದಿರುತ್ತದಂತೆ. ಯಾವ ದಿಕ್ಕಿಗೆ ಸುತ್ತುತ್ತಾನೆಂದು ಭಾವಮೈದುನರನ್ನು ಕೇಳಬೇಕು. ದರ್ಶನಕ್ಕೆ ಹೋದವರ ತಲೆಗೆ ಆ ಚಪ್ಪಲಿಯಿಂದಲೇ ಆಶೀರ್ವಾದ. ಪ್ರಸ್ತುತ ಸಂಶೋಧಕನೂ ತಲೆ ತಗ್ಗಿಸಿದ. ತೊಗಲಿನ ವಾಸನೆ ಮೂಗಿಗೆ ಬಡಿಯಿತು, ಆಮೇಲೆ ನೆತ್ತಿಗೆ ಪಟ್ಟೆಂದು ಒಂದು. ಸಿದ್ಧಾಂತದ ಅರ್ಧ ಭಾಗ ಅಲ್ಲೇ ಉದುರಿತು, ಉಳಿದರ್ಧ ಮೇಲಿದೆ.

ಫೋರ್ಡನ ನಾಯಕ ಹುಡುಗಿಯನ್ನು ಮನೆ ಸೇರಿಸಿ ತಾನು ಹೊಸ್ತಿಲಾಚೆ ನಿಲ್ಲುತ್ತಾನೆ. ಅವನ ಬೆನ್ನ ಹಿಂದೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಒಂದು ತಪ್ಪು ಕಟ್ಟಿ ಊಟಕ್ಕೆ ಕೂತಿದ್ದರೆ ಸಾಕಿತ್ತು.

ಹೊರಗಿನ ವಿದ್ವಾಂಸರು ಪರಿಶೀಲನೆಗೆ ಬರುವುದಾದರೆ ಹಗಲಲ್ಲೇ ಬರಲಿ. ಸಂಜೆಯಾದ ಮೇಲೆ ಅರಣ್ಯ ಇಲಾಖೆಯವರು ಗೇಟು ಹಾಕುತ್ತಾರೆ. ಆಮೇಲೆ ಕಾಡು ಸುತ್ತಲು ಆನೆ, ಹುಲಿ ಮತ್ತು ಭಾವನಿಗೆ ಮಾತ್ರ ಪರವಾನಗಿ.