ಸೆರಗಿನ ಮೇಲೊಂದು ಕಾಲರಾ

ಟೈ ಕಟ್ಟಿಕೊಂಡವರನ್ನು ಕಂಡರೆ ನನಗೆ ಮೊದಲಿನಿಂದಲೂ ಕನಿಕರ. ಸೆರಗಿಗಾದರೆ ಬಿಸಿ ಪಾತ್ರೆ ಇಳಿಸುವ, ಮಗುವಿನ ಮೂಗು ಒರೆಸುವ ಕೆಲಸವಿದೆ. ಹೆಗಲ ಮೇಲಿನ ಟವೆಲ್ಲು ಬಸ್ಸಿನ ಕಿಟಕಿಯಿಂದ ತೂರಿ ಹೋಗಿ ಸೀಟು ಹಿಡಿಯುತ್ತದೆ. ಟೈಗೆ ಮಾತ್ರ ಊಟದ ಹೊತ್ತಿನಲ್ಲಿ ಸಾರಿನೊಳಗೆ ಅದ್ದುವುದನ್ನು ಬಿಟ್ಟರೆ ಬೇರೆ ಉದ್ಯೋಗ ಕಾಣೆ. ಹಾಗಾಗಿ ಅಮೆರಿಕದಲ್ಲಿ ಯಾರೋ ಅದನ್ನೂ ದುಡಿಮೆಗೆ ಹಚ್ಚಿದ್ದಾರೆ ಎಂದು ತಿಳಿದಾಗ ನನಗೆ ಖುಷಿಯಾಯಿತು. ‘ಇನ್ಫೆಕ್ಷಿಯಸ್ ಅವೇರಬಲ್ಸ್’ ಎಂಬ ಆ ಕಂಪನಿಯ ಟೈಗಳ ಮೇಲೆ ಹೂಬಳ್ಳಿಗಳ ಜಾಗದಲ್ಲಿ ರೋಗಾಣುಗಳಿವೆ. ದೂರದಿಂದ ನೋಡಿದರೆ ದುಬಾರಿ ರೇಷ್ಮೆಯ ಚಿತ್ತಾರ. ಹತ್ತಿರ ಬಂದರೆ ಹರ್ಪಿಸ್, ಗೊನೋರಿಯಾ, ಪ್ಲೇಗು. ಪಕ್ಕದಲ್ಲಿ ಕೂತವರು “ಡಿಸೈನ್ ಚೆನ್ನಾಗಿದೆಯಲ್ಲ, ಏನಿದು?” ಎಂದು ಕೇಳಬೇಕು, ಕಟ್ಟಿಕೊಂಡವನು “ಗೊನೋರಿಯಾ” ಎಂದು ಗಂಭೀರವಾಗಿ ಹೇಳಬೇಕು, ಅಲ್ಲಿಂದ ಆರೋಗ್ಯದ ಮಾತು ಶುರುವಾಗಬೇಕು. ಇದು ಲೆಕ್ಕಾಚಾರ. ಪಕ್ಕದವರು ಕುರ್ಚಿ ಎಳೆದುಕೊಂಡು ದೂರ ಹೋಗುವ ಸಾಧ್ಯತೆಯನ್ನೂ ಲೆಕ್ಕಕ್ಕೆ ಹಿಡಿದಿದ್ದಾರೋ ಇಲ್ಲವೋ ಗೊತ್ತಿಲ್ಲ.

ತಮಾಷೆಯೆಂದರೆ, ರೋಗಾಣು ಅಚ್ಚಾಗದ ಟೈಗಳಿಗೂ ಆ ಭಾಗ್ಯ ತಪ್ಪಿದ್ದಲ್ಲ. 2004ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್‌ನ ಆಸ್ಪತ್ರೆಯೊಂದರಲ್ಲಿ ವೈದ್ಯ ಸಿಬ್ಬಂದಿಯ 42 ಟೈಗಳನ್ನು ಪರೀಕ್ಷೆ ಮಾಡಿದರು. 20ರಲ್ಲಿ ರೋಗ ತರಬಲ್ಲ ಬ್ಯಾಕ್ಟೀರಿಯಾಗಳು ನೆಮ್ಮದಿಯಾಗಿ ಕೂತಿದ್ದವು. ಅದೇ ಆಸ್ಪತ್ರೆಯ ಕಾವಲುಗಾರರ 10 ಟೈಗಳಲ್ಲಿ ಸಿಕ್ಕಿಬಿದ್ದದ್ದು ಒಂದೇ ಒಂದು. ಡಾಕ್ಟರು ರೋಗಿಯ ಮೇಲೆ ಬಗ್ಗುತ್ತಾರೆ, ಟೈ ಅವರಿಗಿಂತ ಮೊದಲು ಬಗ್ಗುತ್ತದೆ, ಅಲ್ಲಿಂದ ಮುಂದಿನ ಮಂಚಕ್ಕೆ ಪ್ರಯಾಣ. ಅಂಗಿಯನ್ನು ದಿನಾ ಒಗೆಯುವವರು ಕೂಡ ಟೈ ಒಗೆದದ್ದನ್ನು ನಾನಂತೂ ನೋಡಿಲ್ಲ. 2007ರಲ್ಲಿ ಇಂಗ್ಲೆಂಡಿನ ಆರೋಗ್ಯ ಇಲಾಖೆ ರೋಗಿಗಳನ್ನು ಮುಟ್ಟುವವರ ಮೊಳಕೈ ಕೆಳಗೆ ಏನೂ ಇರಕೂಡದೆಂದು ಉದ್ದ ತೋಳು, ಕೈಗಡಿಯಾರಗಳನ್ನು ಬಿಡಿಸಿತು. ಆ ನೆಪದಲ್ಲಿ ಟೈಗೂ ನಿವೃತ್ತಿಯಾಯಿತು.

ಇಂಗ್ಲೆಂಡಿನ ಮಾತು ಬಂದದ್ದಕ್ಕೆ ಇನ್ನೊಂದು ಸಂಗತಿ. 1951ರಲ್ಲಿ ಅಲ್ಲಿ ‘ಫೆಸ್ಟಿವಲ್ ಆಫ್ ಬ್ರಿಟನ್’ ಎಂಬ ದೊಡ್ಡ ಜಾತ್ರೆ ನಡೆಯಿತು. ಯುದ್ಧ ಮುಗಿದಿತ್ತು, ರೇಷನ್ ಮುಗಿದಿರಲಿಲ್ಲ. ಜನರ ಕಣ್ಣಿಗೆ ಒಂದಿಷ್ಟು ಬಣ್ಣ ಬೇಕಾಗಿತ್ತು. ಹೆಲೆನ್ ಮೆಗಾ ಎಂಬ ಹರಳು ವಿಜ್ಞಾನಿ ಅದಕ್ಕೂ ಕೆಲವು ವರ್ಷ ಮೊದಲೇ, ಎಕ್ಸ್-ರೇ ಹಾಯಿಸಿ ಪಡೆದ ಹರಳುಗಳ ನಕ್ಷೆಗಳನ್ನು ಬಟ್ಟೆಗೆ ಅಚ್ಚು ಹಾಕಿದರೆ ಎಷ್ಟು ಚಂದ ಎಂದು ಸೂಚಿಸಿದ್ದರು. ಜಾತ್ರೆ ಹತ್ತಿರವಾದಾಗ ತಯಾರಕರು ಅದನ್ನು ಕೈಗೆತ್ತಿಕೊಂಡರು. ಡೊರೊಥಿ ಹಾಡ್ಜ್‌ಕಿನ್ ತೆಗೆದಿದ್ದ ಇನ್ಸುಲಿನ್ ನಕ್ಷೆ ಗೋಡೆ ಕಾಗದವಾಯಿತು. ರಕ್ತದ ಹಿಮೋಗ್ಲೋಬಿನ್ ಕೂಡ ಬಟ್ಟೆಗಿಳಿಯಿತು. ಇನ್ಸುಲಿನ್‌ನ ಪೂರ್ತಿ ರಚನೆ ಹಾಡ್ಜ್‌ಕಿನ್‌ಗೆ ದಕ್ಕಿದ್ದು 1969ರಲ್ಲಿ. ವಿಜ್ಞಾನಿಗೆ ಅರ್ಥವಾಗುವ 18 ವರ್ಷ ಮೊದಲೇ ಅದು ಗೋಡೆಗೆ ಅಂಟಿತ್ತು! ಆದರೆ ಆ ಗೋಡೆ ನೋಡಿ ಯಾರಾದರೂ ಸಕ್ಕರೆ ಕಾಯಿಲೆ ತಪಾಸಣೆಗೆ ಹೋದರೆ? ಹೋಗಿರಲಿಕ್ಕಿಲ್ಲ. ಇಂಗ್ಲಿಷರು ಪಕ್ಕದವರ ಗೋಡೆ ನೋಡಿ “ಏನ್ರೀ ಇದು?” ಎಂದು ಕೇಳುವ ಜಾತಿಯಲ್ಲ.

ನಮ್ಮವರು ಕೇಳುತ್ತಾರೆ. ಇಂಥ ಬಟ್ಟೆಗೆ ಭೂಮಿಯ ಮೇಲೆ ಸರಿಯಾದ ಜಾಗ ಎಂದಿದ್ದರೆ ಅದು ನಮ್ಮ ಮದುವೆ ಮನೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನನ್ನ ತಂಗಿಯ ಮಗಳು ಮೈಕ್ರೋಬಯಾಲಜಿ ಓದಿದವಳು. ಕಾಟನ್ ಸೀರೆಯೊಂದಕ್ಕೆ ತಾನೇ ಬರೆದ ಅಚ್ಚು ಹಾಕಿಸಿಕೊಂಡು ಹುಬ್ಬಳ್ಳಿಯ ಮದುವೆಯೊಂದಕ್ಕೆ ಉಟ್ಟು ಬಂದಳು. ಅಂಚಿನುದ್ದಕ್ಕೂ ಮಾವಿನಕಾಯಿ. ಪಂಕ್ತಿಯಲ್ಲಿ ಎದುರಿಗೆ ಕೂತಿದ್ದ ನಮ್ಮ ಚಿಗವ್ವ ಕನ್ನಡಕ ಸರಿಮಾಡಿಕೊಂಡಳು.

“ಏನವ್ವಾ ಇದು, ಮಾವಿನಕಾಯಿಗೆ ಬಾಲ ಬಂದೈತಲ್ಲ?”

“ಮಾವಿನಕಾಯಿ ಅಲ್ಲಜ್ಜಿ, ಕಾಲರಾದ ಹುಳ.”

ಪಕ್ಕದಲ್ಲಿದ್ದ ಹೆಣ್ಣುಮಗಳೊಬ್ಬಳು ನೀರಿನ ಲೋಟವನ್ನು ತನ್ನ ಕಡೆ ಎಳೆದುಕೊಂಡಳು. ಚಿಗವ್ವ ಮಾತ್ರ ಹೆದರುವವಳಲ್ಲ. “ಛಲೋ ಐತಿ. ಎಷ್ಟಕ್ಕ ಬಿತ್ತು?” ಎಂದಳು.

ಹುಡುಗಿ ಹೇಳಿದ್ದು ಸುಳ್ಳಲ್ಲ. ಕಾಲರಾದ ವಿಬ್ರಿಯೊ ಬ್ಯಾಕ್ಟೀರಿಯಾ ಬಾಗಿದ ಕಡ್ಡಿಯ ಆಕಾರದ್ದು, ತುದಿಗೆ ಒಂದೇ ಬಾಲ. ನಮ್ಮ ನೇಕಾರರು ತಲೆಮಾರುಗಳಿಂದ ಅಂಚಿನಲ್ಲಿ ನೇಯುತ್ತ ಬಂದ ಮಾವಿನಕಾಯಿಗೆ ಒಂದೆಳೆ ಹೆಚ್ಚು ಎಳೆದರೆ ವಿಬ್ರಿಯೊ ತಯಾರು. ಮುಂದಿನ ಸಲ ಸ್ಟ್ರೆಪ್ಟೊಕಾಕಸ್‌ನದೊಂದು ಬೋರಮಾಳ ಮಾಡಿಸುತ್ತಾಳಂತೆ. ಅದು ಹೇಗೂ ಗುಂಡುಗುಂಡಗೆ ಸಾಲಾಗಿ ಪೋಣಿಸಿಕೊಂಡೇ ಬೆಳೆಯುವ ಜೀವಿ. ಕೊರಳಿಗೆ ಹಾಕುವುದಕ್ಕೂ ಅರ್ಥವಿದೆ. ಮಕ್ಕಳ ಗಂಟಲಲ್ಲಿ ಶುರುವಾಗುವ ಆ ಸೋಂಕನ್ನು ‘ಥಂಡಿ ಆಗೈತಿ’ ಎಂದು ಬಿಟ್ಟುಬಿಟ್ಟರೆ, ಕೆಲವರಿಗೆ ಎರಡು ಮೂರು ವಾರದ ಮೇಲೆ ಕೀಲುಗಳು ಬಾತು ಜ್ವರ ಬರುತ್ತದೆ, ಅದು ಹೃದಯದ ಕವಾಟಕ್ಕೆ ಗಾಯ ಮಾಡಿ ಹೋಗುತ್ತದೆ. ಗಂಟಲಿನ ಹಂತದಲ್ಲೇ ಪೆನ್ಸಿಲಿನ್ ಕೊಟ್ಟರೆ ತಪ್ಪುತ್ತದೆ. ಬಂಗಾರದ ಬೋರಮಾಳವನ್ನು ಇಷ್ಟು ಹೊತ್ತು ವಿವರಿಸುವ ಅವಕಾಶ ಯಾವ ಹೆಂಗಸಿಗೆ ಸಿಕ್ಕೀತು!

ಹೋಳಿಗೆ ಬರುವಷ್ಟರಲ್ಲಿ ಚಿಗವ್ವನ ಮಾತು ಸೀರೆಯಿಂದ ನೀರಿಗೆ ಬಂದಿತ್ತು. ಅವಳ ತವರು ರಾಯಚೂರು ಕಡೆ. ಸಣ್ಣಂದಿನಲ್ಲಿ ಮೆಟ್ಟಿಲು ಬಾವಿಗೆ ಇಳಿದು ನೀರು ತುಂಬುತ್ತಿದ್ದ ಕಾಲ. ಊರಲ್ಲಿ ನಾರುಹುಣ್ಣು. ಕಾಲಿನ ಗುಳ್ಳೆ ಒಡೆದು ದಾರದಂಥ ಹುಳ ಹೊರಗೆ ಬರುವುದು, ಅದನ್ನು ಸಣ್ಣ ಕಡ್ಡಿಗೆ ಸುತ್ತಿ ದಿನಕ್ಕಿಷ್ಟಿಷ್ಟೇ ಎಳೆಯುವುದು, ಅವಸರ ಮಾಡಿದರೆ ಹರಿದು ಒಳಗೇ ಉಳಿದು ಕಾಲು ಬಾತುಕೊಳ್ಳುವುದು. ಇದೆಲ್ಲವನ್ನೂ ಆಕೆ ಶಾವಿಗೆ ಪಾಯಸದ ಎದುರಿಗೇ ಹೇಳಿದಳು. “ನಮ್ಮವ್ವ ಕೊಡದ ಬಾಯಿಗೆ ಹಳೇ ಸೀರಿ ಕಟ್ಟಿ ಸೋಸತಿದ್ಲು, ನಮ್ಮನ್ಯಾಗ ಯಾರಿಗೂ ಆಗಲಿಲ್ಲ ನೋಡು.”

ಆ ಅವ್ವ ಯಾವ ಪ್ರಬಂಧವನ್ನೂ ಓದಿರಲಿಲ್ಲ. ನಾರುಹುಳದ ಮರಿ ಇರುವುದು ನೀರಿನ ಸೈಕ್ಲಾಪ್ಸ್ ಎಂಬ ಚುಕ್ಕೆಯಷ್ಟು ಜೀವಿಯ ಹೊಟ್ಟೆಯಲ್ಲಿ. ಬಟ್ಟೆ ಅದನ್ನು ತಡೆಯುತ್ತದೆ. ಭಾರತದ ಕೊನೆಯ ನಾರುಹುಣ್ಣಿನ ಪ್ರಕರಣ ಕಂಡದ್ದು 1996ರಲ್ಲಿ ರಾಜಸ್ಥಾನದಲ್ಲಿ. 2000ದಲ್ಲಿ ದೇಶ ಅದರಿಂದ ಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು. ಮದ್ದಿಲ್ಲ, ಲಸಿಕೆಯೂ ಇಲ್ಲ. ಬಾವಿಗಳನ್ನು ಸರಿಮಾಡಿ, ನೀರು ಸೋಸಿ ಓಡಿಸಿದ ರೋಗ ಅದು. ದಕ್ಷಿಣ ಸೂಡಾನಿನಲ್ಲಿ ದನ ಕಾಯುವವರು ಜಾಳಿಗೆ ಕೂಡಿಸಿದ ಸಣ್ಣ ಕೊಳವೆಯನ್ನು ದಾರಕ್ಕೆ ಕಟ್ಟಿ ಕೊರಳಲ್ಲಿ ಹಾಕಿಕೊಳ್ಳುತ್ತಿದ್ದರು. ಬಾಯಾರಿದರೆ ಅದರಿಂದಲೇ ನೀರು ಹೀರುವುದು. ಕೊರಳಲ್ಲಿ ತೂಗುವ ವಸ್ತುಗಳಲ್ಲಿ ನನಗೆ ಟೈಗಿಂತ ಇದರ ಮೇಲೆ ಗೌರವ ಜಾಸ್ತಿ.

ಸೈಕ್ಲಾಪ್ಸ್‌ನ ದಾಯಾದಿಗಳಾದ ಜಲಜೀವಿಗಳ ಮೈಗೇ ಕಾಲರಾದ ವಿಬ್ರಿಯೊ ಅಂಟಿಕೊಂಡಿರುತ್ತದೆ. ಇದನ್ನು ಹಿಡಿದು ಹೊರಟವರು ಅಮೆರಿಕದ ವಿಜ್ಞಾನಿ ರೀಟಾ ಕೋಲ್ವೆಲ್. ಬಾಂಗ್ಲಾದೇಶದ ಮತ್ಲಬ್‌ನ 65 ಹಳ್ಳಿಗಳಲ್ಲಿ ನಡೆದ ಅವರ ತಂಡದ ಅಧ್ಯಯನ 2003ರಲ್ಲಿ ಪ್ರಕಟವಾಯಿತು: ಸೀರೆಯನ್ನು ಮಡಿಕೆ ಮಾಡಿ ನೀರು ಸೋಸಿದ ಹಳ್ಳಿಗಳಲ್ಲಿ ಕಾಲರಾ ನೂರಕ್ಕೆ 48ರಷ್ಟು ಇಳಿದಿತ್ತು. ಹೊಸ ಸೀರೆಗಿಂತ ಹಳೆಯದೇ ವಾಸಿ. ಒಗೆದೊಗೆದು ನೂಲು ಸಡಿಲಾಗಿ ನಾರು ಬಿಟ್ಟುಕೊಂಡು ರಂಧ್ರಗಳು ಕಿರಿದಾಗಿರುತ್ತವೆ. ಹಳೇ ಸೀರೆ ಕೊಟ್ಟು ಸ್ಟೀಲಿನ ಪಾತ್ರೆ ಕೊಳ್ಳುವ ನಮ್ಮ ಹೆಂಗಸರು ವ್ಯಾಪಾರದಲ್ಲಿ ಮೋಸ ಹೋಗುತ್ತಿದ್ದಾರೆ ಎಂದು ನನಗೆ ಯಾವತ್ತೂ ಅನ್ನಿಸುತ್ತಿತ್ತು. ಈಗ ಪುರಾವೆಯೂ ಸಿಕ್ಕಿತು.

ಅಂದರೆ ಹುಡುಗಿಯ ಸೀರೆಯ ಮೇಲೆ ರೋಗದ ಚಿತ್ರವೂ ಇತ್ತು, ಅದರ ಪರಿಹಾರವೂ ಆ ಸೀರೆಯೇ ಆಗಿತ್ತು. ಎಲ್ಲ ಗುರುತುಗಳಿಗೂ ಇಂಥ ಅದೃಷ್ಟ ಇರುವುದಿಲ್ಲ. ಏಡ್ಸ್‌ನ ಕೆಂಪು ರಿಬ್ಬನ್ 1991ರಲ್ಲಿ ನ್ಯೂಯಾರ್ಕಿನ ಕಲಾವಿದರ ಗುಂಪಿನಿಂದ ಬಂತು. ಅದೇ ಸುಮಾರಿನಲ್ಲಿ ಷಾರ್ಲೆಟ್ ಹೇಲಿ ಎಂಬ ಅಮೆರಿಕದ ಮಹಿಳೆ ಸ್ತನ ಕ್ಯಾನ್ಸರಿಗಾಗಿ ಮನೆಯಲ್ಲೇ ಪೀಚ್ ಬಣ್ಣದ ರಿಬ್ಬನ್ ಕತ್ತರಿಸಿ ಹಂಚುತ್ತಿದ್ದರು. ಒಂದೊಂದು ಕಟ್ಟಿನ ಜೊತೆ ಒಂದು ಚೀಟಿ: ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ವರ್ಷದ ಬಜೆಟ್ 180 ಕೋಟಿ ಡಾಲರ್, ತಡೆಗಟ್ಟುವ ಕೆಲಸಕ್ಕೆ ಅದರಲ್ಲಿ ನೂರಕ್ಕೆ ಐದೇ. ಹಳ್ಳಿ ಪಂಚಾಯಿತಿಯಲ್ಲಿ ಲೆಕ್ಕ ಕೇಳಿದ ಹಾಗೆ! ಒಂದು ಪತ್ರಿಕೆ ಮತ್ತು ಸೌಂದರ್ಯ ಸಾಮಗ್ರಿಯ ಕಂಪನಿ ಆ ರಿಬ್ಬನ್ ಕೇಳಿಕೊಂಡು ಬಂದವು. ವ್ಯಾಪಾರದ ವಾಸನೆ ಬಡಿದು ಆಕೆ ಒಲ್ಲೆ ಎಂದರು. ವಕೀಲರ ಸಲಹೆಯಂತೆ ಬಣ್ಣ ಬದಲಾಗಿ 1992ರಲ್ಲಿ ಗುಲಾಬಿ ರಿಬ್ಬನ್ ಬಂತು. ಚೀಟಿ ಬರಲಿಲ್ಲ. 2010ರ ಹೊತ್ತಿಗೆ ಅಮೆರಿಕದಲ್ಲಿ ಕರಿದ ಕೋಳಿ ತುಂಬುವ ಬಕೆಟ್ಟಿಗೂ ಗುಲಾಬಿ ಬಣ್ಣ ಬಳಿದು ಕ್ಯಾನ್ಸರ್ ಹೆಸರಿನಲ್ಲಿ ಮಾರಿದರು. ನನಗೆ ಆ ಚೀಟಿ ಹೋದದ್ದಕ್ಕೇ ಬೇಜಾರು.

ಅಫ್ಘಾನಿಸ್ತಾನದವರು ಇದಕ್ಕಿಂತ ಜಾಣರು. ಅಲ್ಲಿ ಕೂಸುಗಳ ಕೈಗೆ ದೃಷ್ಟಿ ತಾಗದಿರಲೆಂದು ಮಣಿಸರ ಕಟ್ಟುವುದುಂಟು, ನಮ್ಮಲ್ಲಿ ಕರಿಮಣಿ ಕಟ್ಟಿದಂತೆ. ಒಂದೊಂದು ಲಸಿಕೆಗೂ ಒಂದೊಂದು ಬಣ್ಣದ ಮಣಿ ಸೇರಿಸುವ ಏರ್ಪಾಟನ್ನು ಅಲ್ಲಿನ ಆರೋಗ್ಯ ಸಚಿವಾಲಯ ಒಂದು ಜಾಹೀರಾತು ಸಂಸ್ಥೆಯೊಡನೆ ಸೇರಿ ಮಾಡಿತು. 2017ರಲ್ಲಿ ಅದಕ್ಕೆ ಕಾನ್‌ನಲ್ಲಿ ಜಾಹೀರಾತು ಉತ್ಸವದ ದೊಡ್ಡ ಬಹುಮಾನವೂ ಬಂತು. ಕಾರ್ಡು ಕಳೆದರೂ ಕೈ ಕಳೆಯುವುದಿಲ್ಲ, ಯಾವ ಲಸಿಕೆ ಬಾಕಿ ಎಂದು ಮಣಿ ನೋಡಿದರೆ ಗೊತ್ತು. ನಮ್ಮ ಪಲ್ಸ್ ಪೋಲಿಯೊದವರು ಅಷ್ಟೂ ಕಷ್ಟಪಡಲಿಲ್ಲ. ಎಡಗೈ ಕಿರುಬೆರಳ ಉಗುರಿಗೆ ಮಾರ್ಕರ್ ಗೆರೆ ಎಳೆದು ಬಿಟ್ಟರು. ದೊಡ್ಡವರು ಮತ ಹಾಕಿ ಮೈಸೂರಿನ ಶಾಯಿ ಹತ್ತಿದ ತೋರುಬೆರಳು ಎತ್ತಿ ತೋರಿಸುವಷ್ಟೇ ಜಂಬದಲ್ಲಿ ಹುಡುಗರು ಆ ಕಿರುಬೆರಳನ್ನು ತೋರಿಸುತ್ತಿದ್ದರು.

ಮದುವೆ ಮುಗಿದು ಎಲೆಅಡಿಕೆ ಹಾಕಿಕೊಳ್ಳುತ್ತ ಕೂತಾಗ ನಾನು ಹುಡುಗಿಗೆ ಒಂದು ಸಲಹೆ ಕೊಟ್ಟೆ. ಪೂರ್ವ ಆಫ್ರಿಕಾದ ಹೆಂಗಸರು ಉಡುವ ಕಾಂಗಾ ಬಟ್ಟೆಯ ಅಂಚಿನಲ್ಲಿ ಸ್ವಾಹಿಲಿಯ ಒಂದು ಸಾಲು ಅಚ್ಚಾಗಿರುತ್ತದೆ. ಗಾದೆ, ಹರಕೆ, ನೆರೆಯವಳಿಗೆ ಚುಚ್ಚುಮಾತು, ಕೆಲವೊಮ್ಮೆ ಏಡ್ಸ್ ಎಚ್ಚರಿಕೆ. ನೀನೂ ಸೆರಗಿನ ಮೇಲೆ ‘ನೀರು ಸೋಸಿ, ಕಾಯಿಸಿ ಕುಡೀರಿ’ ಅಂತ ನೇಯಿಸಬಾರದೇ ಎಂದೆ.

“ಮಾಮಾ, ಸೆರಗು ಬೆನ್ನ ಹಿಂದ ಇರತದ. ಓದೋವರು ಯಾರು?”

ಚಿಗವ್ವ ಅಡಿಕೆ ಕತ್ತರಿಸುತ್ತಲೇ ಹೇಳಿದಳು: “ಬರಸವ್ವಾ ನೀ. ಲಗ್ನದಾಗ ಬೆನ್ನ ಹಿಂದ ಕುಂತು ಮಾತಾಡೋರು ಬಾಳ ಮಂದಿ ಅದಾರ, ಸ್ವಲ್ಪ ಓದಲಿ.”